ಲಿಂಕನ್ನಿಗೆ ಎಂಥ ಕೋಚ್ ಬೇಕಿತ್ತು?

ಕೇಳುಗರೆಲ್ಲರಿಗೂ ನಮಸ್ಕಾರ.

2022ರ ಸೆಪ್ಟೆಂಬರ್ 11, ಭಾನುವಾರ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಸ್ಕಾಟ್ ಫ್ರಾಸ್ಟ್ ಅವರನ್ನು ಕೆಲಸದಿಂದ ತೆಗೆಯಿತು. ಕರಾರಿನ ಪ್ರಕಾರ ಅವರ ಕೈಗೆ ಒಂದೂವರೆ ಕೋಟಿ ಡಾಲರ್ ಕೊಟ್ಟು ಕಳಿಸಬೇಕಿತ್ತು. ಆಗಿನ ಲೆಕ್ಕದಲ್ಲಿ ಸುಮಾರು 120 ಕೋಟಿ ರೂಪಾಯಿ. ಅಕ್ಟೋಬರ್ 1ರ ತನಕ ಸುಮ್ನೆ ಇದ್ದಿದ್ದರೆ ಆ ಮೊತ್ತ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರ ತಾಳಿದ್ದರೆ 60 ಕೋಟಿ ರೂಪಾಯಿ ಉಳಿಯುತ್ತಿತ್ತು. ತಾಳಲಿಲ್ಲ.

ಒಂದು ಕಾಲೇಜು ತಂಡಕ್ಕೆ ಇಷ್ಟೊಂದು ದುಡ್ಡಾ, ಇಷ್ಟೊಂದು ಅವಸರವಾ ಅಂತ ನೀವು ಕೇಳಬಹುದು. ನಾನು ಈ ವಿಶ್ವವಿದ್ಯಾಲಯ ಇರುವ ಲಿಂಕನ್ ಊರಿನಲ್ಲಿ ಓದಿದವನು. ಅಲ್ಲಿಗೆ ಹೋಗುವ ಮುಂಚೆ ನನಗೂ ಇದು ಅರ್ಥವಾಗುತ್ತಿರಲಿಲ್ಲ. ನಾನು ಹೇಳುತ್ತಿರುವುದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಗಜ ಗಜ ಮುಂದೆ ನುಗ್ಗುವ ಆಟ. ನೆಬ್ರಾಸ್ಕದಲ್ಲಿ ಇರುವ ಜನ 20 ಲಕ್ಷದ ಆಸುಪಾಸು. ಈ ಆಟದ ದೊಡ್ಡ ವೃತ್ತಿಪರ ತಂಡ ಒಂದೂ ಇಲ್ಲ. ಇರುವುದು ಕಾರ್ನ್‌ಹಸ್ಕರ್ಸ್ ಅನ್ನೋ ಈ ಕಾಲೇಜು ತಂಡ. ಲಿಂಕನ್‌ನ ಮೆಮೋರಿಯಲ್ ಸ್ಟೇಡಿಯಂನಲ್ಲಿ 85 ಸಾವಿರ ಜನ ಕೂರುತ್ತಾರೆ. ಮ್ಯಾಚ್ ಇದ್ದ ದಿನ ಆ ಸ್ಟೇಡಿಯಮ್ಮೇ ರಾಜ್ಯದ ಮೂರನೇ ದೊಡ್ಡ ಊರು. 1962ರ ನವೆಂಬರ್‌ನಿಂದ ಇವತ್ತಿನ ತನಕ ಅಲ್ಲಿನ ಪ್ರತಿ ಮ್ಯಾಚಿನ ಟಿಕೆಟ್ಟೂ ಖಾಲಿಯಾಗಿದೆ. ತಂಡ ಗೆದ್ದರೂ ಅಷ್ಟೇ, ಸೋತರೂ ಅಷ್ಟೇ.

ಮ್ಯಾಚ್ ದಿನ ಬೆಳಿಗ್ಗೆಯೇ ಬೀದಿಯೆಲ್ಲ ಕೆಂಪು. ಎಪ್ಪತ್ತು ವರ್ಷದ ರೈತರು ಕೆಂಪು ಟೋಪಿ ಹಾಕಿಕೊಂಡು, ಕೈಯಲ್ಲಿ ರನ್ಜಾ ಹಿಡಿದು ಬರುತ್ತಾರೆ. ರನ್ಜಾ ಅಂದರೆ ಉದ್ದನೆ ಬನ್ನಿನೊಳಗೆ ಎಲೆಕೋಸು, ಈರುಳ್ಳಿ, ಕೊಚ್ಚಿದ ದನದ ಮಾಂಸ ತುಂಬಿ ಬೇಯಿಸಿದ್ದು. ನಮ್ಮಲ್ಲಿ ಕೆಲವರು ಬರೀ ಎಲೆಕೋಸಿನ ವಾಸನೆಗೇ ಆಸೆಪಟ್ಟು ಸುಮ್ಮನಾಗುತ್ತಿದ್ದೆವು! ಮೊದಲ ಟಚ್‌ಡೌನ್, ಅಂದರೆ ಚೆಂಡು ಹಿಡಿದು ಎದುರಾಳಿಯ ಗೆರೆ ದಾಟುವುದು, ಆದ ತಕ್ಷಣ ಸಾವಿರಾರು ಕೆಂಪು ಬಲೂನ್ ಮೇಲಕ್ಕೆ ಬಿಡುವ ಪದ್ಧತಿಯೂ ಇತ್ತು. ಹೀಲಿಯಂ ಸಿಗದೆ ಅದೂ 2022ರಲ್ಲೇ ನಿಂತಿತು. ಆ ವರ್ಷ ಒಟ್ಟಿನಲ್ಲಿ ಸರಿ ಇರಲಿಲ್ಲ ಬಿಡಿ.

ಈಗ ಫ್ರಾಸ್ಟ್ ವಿಷಯಕ್ಕೆ ಬರೋಣ. ಅವರು ಹುಟ್ಟಿದ್ದು ಲಿಂಕನ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ವುಡ್ ರಿವರ್ ಅನ್ನೋ ಸಣ್ಣ ಊರಿನಲ್ಲಿ. 1997ರಲ್ಲಿ ನೆಬ್ರಾಸ್ಕ ಕೊನೆಯ ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸುವ ಮುಖ್ಯ ಆಟಗಾರ, ಇವರೇ. ಆಗಿನ ಕೋಚ್ ಟಾಮ್ ಆಸ್ಬರ್ನ್. 25 ವರ್ಷ, 255 ಗೆಲುವು, ಮೂರು ರಾಷ್ಟ್ರೀಯ ಪ್ರಶಸ್ತಿ. ಕೋಚಿಂಗ್ ಬಿಟ್ಟ ಮೇಲೆ ಜನ ಅವರನ್ನು ಅಮೆರಿಕದ ಸಂಸತ್ತಿಗೂ ಆರಿಸಿ ಕಳಿಸಿದರು. ಅಂಥವರ ಶಿಷ್ಯ ಫ್ರಾಸ್ಟ್. ಸೆಂಟ್ರಲ್ ಫ್ಲಾರಿಡಾ ತಂಡವನ್ನು 2017ರಲ್ಲಿ 13ಕ್ಕೆ 13 ಗೆಲ್ಲಿಸಿ ತವರಿಗೆ ಬಂದರು. ಮನೆಮಗ ಬಂದ, ಇನ್ನೇನು ಬೇಕು ಅಂತ ಊರಿಗೆ ಊರೇ ಕುಣಿಯಿತು.

ಮುಂದಿನ ಲೆಕ್ಕ ಹೀಗಿದೆ: 16 ಗೆಲುವು, 31 ಸೋಲು. 2021ರಲ್ಲಿ ಒಂಬತ್ತು ಮ್ಯಾಚ್ ಸೋತರು. ಒಂಬತ್ತೂ ಒಂಬತ್ತು ಪಾಯಿಂಟಿನೊಳಗಿನ ಸೋಲು. 2022ರ ಮೊದಲ ಮ್ಯಾಚ್ ಐರ್ಲೆಂಡಿನ ಡಬ್ಲಿನ್‌ನಲ್ಲಿ, ನಾರ್ತ್‌ವೆಸ್ಟರ್ನ್ ವಿರುದ್ಧ. 11 ಪಾಯಿಂಟ್ ಮುಂದಿದ್ದಾಗ, ಯಾರೂ ಕೇಳದೆ ಇರುವಾಗ, ಚೆಂಡನ್ನು ಹತ್ತಿರಕ್ಕೇ ಒದ್ದು ಮತ್ತೆ ಕಸಿದುಕೊಳ್ಳುವ ಸಾಹಸ ಮಾಡಿಸಿದರು. ಅದು ಕೈಕೊಟ್ಟಿತು, ಮ್ಯಾಚೂ ಹೋಯಿತು. ಎರಡು ವಾರದ ಮೇಲೆ ಜಾರ್ಜಿಯಾ ಸದರ್ನ್ ಅನ್ನೋ ಚಿಕ್ಕ ತಂಡ ಲಿಂಕನ್ನಿಗೇ ಬಂದು 45-42ರಿಂದ ಹೊಡೆಯಿತು. ಅಲ್ಲಿಯ ತನಕ ತವರಿನಲ್ಲಿ 35 ಅಥವಾ ಅದಕ್ಕಿಂತ ಹೆಚ್ಚು ಪಾಯಿಂಟ್ ಗಳಿಸಿದ 214 ಮ್ಯಾಚಿನಲ್ಲಿ ಒಂದನ್ನೂ ಸೋಲದ ತಂಡ ನೆಬ್ರಾಸ್ಕ. 36 ಸೆಕೆಂಡ್ ಉಳಿದಿರುವಾಗ ಎದುರಾಳಿ ಕ್ವಾರ್ಟರ್‌ಬ್ಯಾಕ್ ಕೈಲ್ ವ್ಯಾಂಟ್ರೀಸ್ ತಾನೇ ಚೆಂಡು ಹಿಡಿದು ಗೆರೆ ದಾಟಿಬಿಟ್ಟ. ಆ ಹುಡುಗನ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮಾರನೆ ದಿನದಿಂದ ಶುರುವಾಯಿತು ನೋಡಿ, ಮುಂದಿನ ಕೋಚ್ ಯಾರಾಗಬೇಕು ಅಂತ ಅಭಿಮಾನಿಗಳ ಪಟ್ಟಿ. ಮಗಳಿಗೆ ಗಂಡು ಹುಡುಕುವ ಮನೆಯ ಹಾಗೆ, ದೂರದ ನೆಂಟರ ಜೇಬಿನಲ್ಲೂ ಒಂದು ಜಾತಕ! ನಿರ್ಧಾರ ಮಾಡಬೇಕಿದ್ದವರು ಕ್ರೀಡಾ ವಿಭಾಗದ ಮುಖ್ಯಸ್ಥ ಟ್ರೆವ್ ಆಲ್ಬರ್ಟ್ಸ್. ಅವರೂ ಇದೇ ತಂಡದ ಹಳೆಯ ಆಟಗಾರ. ಅವರು ಯಾರ ಮಾತನ್ನೂ ಕೇಳಲಿಲ್ಲ, ಅದು ಬೇರೆ ವಿಷಯ.

ನನ್ನ ಹತ್ತಿರವೂ ಪಟ್ಟಿ ಇತ್ತು. ಜೊತೆಗೆ ಒಂದು ಷರತ್ತೂ ಇತ್ತು. ಬಿದ್ದುಹೋದ ತಂಡವನ್ನು ಒಂದು ಕಡೆ ಎತ್ತಿದರೆ ಸಾಲದು. ಫ್ರಾಸ್ಟ್ ಕೂಡ ಒಂದು ಕಡೆ ಎತ್ತಿದ್ದರು. 2015ರಲ್ಲಿ 12ಕ್ಕೆ 12 ಸೋತಿದ್ದ ಸೆಂಟ್ರಲ್ ಫ್ಲಾರಿಡಾವನ್ನು ಎರಡೇ ಸೀಸನ್ನಿನಲ್ಲಿ ಸೋಲಿಲ್ಲದ ತಂಡ ಮಾಡಿದ್ದರು. ಆದರೆ ಅದು ಒರ್ಲ್ಯಾಂಡೊ. ಸುತ್ತ ಎಲ್ಲಿ ನೋಡಿದರೂ ಓಡುವ ಹುಡುಗರೇ. ನೆಬ್ರಾಸ್ಕದಲ್ಲಿ ಹಾಗಿಲ್ಲ. ಅಲ್ಲಿ ಜೋಳ ಬೆಳೆಯುತ್ತೆ, ದನ ಸಾಕುತ್ತಾರೆ. ಒಳ್ಳೆ ಆಟಗಾರರನ್ನು ಟೆಕ್ಸಸ್‌ನಿಂದ, ಕ್ಯಾಲಿಫೋರ್ನಿಯಾದಿಂದ ಕರೆತರಬೇಕು. 2011ರಲ್ಲಿ ತಂಡ ಬಿಗ್ ಟೆನ್ ಲೀಗಿಗೆ ಸೇರಿದ ಮೇಲೆ ಟೆಕ್ಸಸ್ ಜೊತೆಗಿನ ನಂಟೂ ಸಡಿಲವಾಯಿತು. ಹಾಗಾಗಿ ನನ್ನ ಷರತ್ತು ಇಷ್ಟೇ: ಬೇರೆ ಬೇರೆ ಎರಡು ಕಡೆ, ಇಲ್ಲದ್ದರಿಂದ ಕಟ್ಟಿ ತೋರಿಸಿರಬೇಕು. ಒಂದು ಸಲ ಅದೃಷ್ಟವೂ ಇರಬಹುದು. ಎರಡನೇ ಸಲ ಆದರೆ ಅವರಿಗೆ ಕೆಲಸ ಬರುತ್ತೆ ಅಂತ ಅರ್ಥ.

ಜನ ಮೊದಲು ಕೂಗಿದ ಹೆಸರು ಅರ್ಬನ್ ಮೇಯರ್. ಫ್ರಾಸ್ಟ್ ಹೋದ ಮುಂದಿನ ಶನಿವಾರ ಒಕ್ಲಹೋಮ ಮ್ಯಾಚಿಗೆ ಟಿವಿ ಚರ್ಚೆಗಾರರಾಗಿ ಅವರು ಲಿಂಕನ್ನಿಗೇ ಬಂದಿದ್ದರು. ನಮಗೆ ಅರ್ಬನ್ ಬೇಕು ಅಂತ ಜನ ಅವರೆದುರೇ ಕೂಗಿದರು. ಫ್ಲಾರಿಡಾದಲ್ಲಿ ಎರಡು, ಒಹಾಯೊ ಸ್ಟೇಟ್‌ನಲ್ಲಿ ಒಂದು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ನನಗೆ ಬೇಡವಾಗಿತ್ತು. ಹಿಂದಿನ ಡಿಸೆಂಬರ್‌ನಲ್ಲಷ್ಟೇ ಜ್ಯಾಕ್ಸನ್‌ವಿಲ್ ವೃತ್ತಿಪರ ತಂಡ ಅವರನ್ನು ಒಂದು ಸೀಸನ್ ಮುಗಿಯುವ ಮುಂಚೆಯೇ ತೆಗೆದಿತ್ತು. ಅಂದಹಾಗೆ ಆ ದಿನ ಒಕ್ಲಹೋಮ 49-14ರಿಂದ ಗೆದ್ದಿತು. ಕೂಗಿದವರ ಸಂಕಟ ಅರ್ಥವಾಗುತ್ತೆ.

ಬಿಲ್ ಓಬ್ರಯನ್ ಹೆಸರೂ ಓಡಾಡುತ್ತಿತ್ತು. ಪೆನ್ ಸ್ಟೇಟ್ ದೊಡ್ಡ ಹಗರಣದಲ್ಲಿ ಮುಳುಗಿ ಶಿಕ್ಷೆ ಅನುಭವಿಸುತ್ತಿದ್ದಾಗ ಹೋಗಿ ಎರಡು ವರ್ಷ ತಂಡವನ್ನು ಹಿಡಿದು ನಿಲ್ಲಿಸಿದವರು. ಮರ್ಯಾದೆ ಇದೆ, ಆದರೆ ಎರಡೇ ವರ್ಷಕ್ಕೆ ಎದ್ದು ಹೋದರು. ಬೇಯ್ಲರ್‌ನ ಡೇವ್ ಅರಾಂಡ ಹಿಂದಿನ ವರ್ಷ 12 ಮ್ಯಾಚ್ ಗೆದ್ದಿದ್ದರು. ಒಂದು ವರ್ಷದ ಬೆಳೆ ನೋಡಿ ಹೊಲ ಕೊಳ್ಳೋದು ಬೇಡ ಅನ್ನಿಸಿತು. 2023ರಲ್ಲಿ ಅವರು ಗೆದ್ದದ್ದು ಮೂರೇ.

ನನ್ನ ಪಟ್ಟಿಯಲ್ಲಿ ಮೂರನೆಯವರು ಅಯೋವಾ ಸ್ಟೇಟ್‌ನ ಮ್ಯಾಟ್ ಕ್ಯಾಂಬೆಲ್. ಪಕ್ಕದ ರಾಜ್ಯ, ಅದೇ ಜೋಳ, ಅದೇ ಚಳಿ. ಯಾವಾಗಲೂ ಸೋಲುವುದೇ ಅಭ್ಯಾಸವಾಗಿದ್ದ ತಂಡವನ್ನು 2020ರ ಸೀಸನ್ನಿನಲ್ಲಿ ಫಿಯೆಸ್ಟಾ ಬೌಲ್, ಅಂದರೆ ಸೀಸನ್ ಕೊನೆಗೆ ಆಯ್ದ ತಂಡಗಳು ಆಡುವ ಪಂದ್ಯಗಳಲ್ಲೊಂದು, ಅಲ್ಲಿಯ ತನಕ ಕರೆದೊಯ್ದು ಆರಿಗನ್ ತಂಡವನ್ನು ಸೋಲಿಸಿದರು. ಅದಕ್ಕೆ ಮುಂಚೆ ಟೊಲೀಡೊದಲ್ಲಿ ಇದ್ದರು, ಆದರೆ ಆ ತಂಡ ಮೊದಲೇ ಸುಮಾರಾಗಿ ಗಟ್ಟಿ ಇತ್ತು. ನನ್ನ ಷರತ್ತಿಗೆ ಅರ್ಧ ಪಾಸು. 2022ರಲ್ಲಿ ಅವರ ತಂಡ ಬರೀ ನಾಲ್ಕು ಗೆದ್ದಿತ್ತು ಅಂತ ಹಲವರು ಮೂಗು ಮುರಿದರು. ನಾನು ಮುರಿಯಲಿಲ್ಲ. ಎರಡು ವರ್ಷದ ಮೇಲೆ ಅದೇ ತಂಡ 11 ಗೆದ್ದಿತು, ಆ ಕಾಲೇಜಿನ ಚರಿತ್ರೆಯಲ್ಲೇ ಮೊದಲ ಸಲ. 2025ರ ಕೊನೆಗೆ ಪೆನ್ ಸ್ಟೇಟ್ ಅವರನ್ನು ಎತ್ತಿಕೊಂಡು ಹೋಯಿತು.

ಎರಡನೆಯವರು ಮ್ಯಾಟ್ ರೂಲ್. ಟೆಂಪಲ್ ಅನ್ನೋ ಫಿಲಡೆಲ್ಫಿಯಾದ ಕಾಲೇಜಿನಲ್ಲಿ ಮೊದಲ ವರ್ಷ 2 ಗೆಲುವು, ಆಮೇಲೆ 6, ಆಮೇಲೆ 10. 1941ರಿಂದ ಒಮ್ಮೆಯೂ ಸೋಲಿಸಲಾಗದಿದ್ದ ಪೆನ್ ಸ್ಟೇಟನ್ನು 2015ರಲ್ಲಿ ಸೋಲಿಸಿದರು. ಅಲ್ಲಿಂದ ಬೇಯ್ಲರ್. ಲೈಂಗಿಕ ದೌರ್ಜನ್ಯದ ಹಗರಣದಿಂದ ಹಳೆಯ ಕೋಚ್ ಹೋಗಿ, ಹುಡುಗರು ಚೆದುರಿಹೋಗಿದ್ದ ಜಾಗ. ಮೊದಲ ವರ್ಷ 1 ಗೆಲುವು, ಆಮೇಲೆ 7, ಆಮೇಲೆ 11. ಷರತ್ತಿಗೆ ಪೂರ್ತಿ ಪಾಸು. ಹಾಗಾದರೆ ಯಾಕೆ ಎರಡನೇ ಜಾಗ? ವೃತ್ತಿಪರ ಲೀಗಿನಲ್ಲಿ ಕ್ಯಾರೊಲೈನಾ ತಂಡಕ್ಕೆ ಹೋಗಿ 11 ಗೆದ್ದು 27 ಸೋತು, ಆ ಅಕ್ಟೋಬರ್‌ನಲ್ಲೇ ಕೆಲಸ ಕಳೆದುಕೊಂಡಿದ್ದರು. ಅದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು, ಗೆಲ್ಲೋಕೆ ಶುರುವಾದ ಕೂಡಲೇ ಅವರು ಇನ್ನೂ ದೊಡ್ಡ ಜಾಗ ನೋಡಿಕೊಂಡು ಹೊರಟುಬಿಡುತ್ತಾರೆ ಅನ್ನೋ ಭಯ.

ಮೊದಲನೆಯವರು ಲ್ಯಾನ್ಸ್ ಲೈಪೋಲ್ಡ್. ಇವರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದ ಮೂರನೇ ದರ್ಜೆಯ ಲೀಗಿನಲ್ಲಿ, ವಿಸ್ಕಾನ್ಸಿನ್-ವೈಟ್‌ವಾಟರ್ ಅನ್ನೋ ಕಾಲೇಜಿನಲ್ಲಿ ಎಂಟು ವರ್ಷ. 109 ಗೆಲುವು, 6 ಸೋಲು, ಆರು ರಾಷ್ಟ್ರೀಯ ಪ್ರಶಸ್ತಿ. ಚಿಕ್ಕ ಲೀಗು, ಅದೇನು ಮಹಾ ಅಂತ ಮೇಲಿನವರು ಅಂದರು. ಸರಿ, ನ್ಯೂಯಾರ್ಕ್ ರಾಜ್ಯದ ಬಫಲೋಗೆ ಹೋದರು. ಎರಡನೇ ವರ್ಷ ಬರೀ 2 ಗೆಲುವು. ಎರಡು ವರ್ಷದ ಮೇಲೆ 10. 2019ರಲ್ಲಿ ಬಹಾಮಾಸ್ ಬೌಲ್ ಗೆದ್ದರು, ಬಫಲೋಗೆ ಅದೇ ಮೊದಲ ಬೌಲ್ ಗೆಲುವು. ಆಮೇಲೆ ಕ್ಯಾನ್ಸಸ್. ದೊಡ್ಡ ಲೀಗುಗಳಲ್ಲಿ ಅದಕ್ಕಿಂತ ಬಡ ತಂಡ ಇರಲಿಲ್ಲ ಅಂದರೂ ನಡೆಯುತ್ತೆ. 2020ರಲ್ಲಿ 9ಕ್ಕೆ 9 ಸೋತಿತ್ತು. ಲೈಪೋಲ್ಡ್ ಸೇರಿಕೊಂಡಿದ್ದು 2021ರ ಏಪ್ರಿಲ್ ಕೊನೆಗೆ, ವಸಂತದ ಅಭ್ಯಾಸ ಎಲ್ಲ ಮುಗಿದ ಮೇಲೆ. ಆ ವರ್ಷ ಎರಡೇ ಗೆಲುವು. ಆದರೆ ಅದರಲ್ಲಿ ಒಂದು, ಟೆಕ್ಸಸ್ ತಂಡವನ್ನು ಅವರದೇ ಆಸ್ಟಿನ್‌ನಲ್ಲಿ 57-56ರಿಂದ ಸೋಲಿಸಿದ್ದು. 2022ರಲ್ಲಿ ಮೊದಲ ಐದಕ್ಕೆ ಐದು ಗೆದ್ದರು. ಬ್ಯಾಸ್ಕೆಟ್‌ಬಾಲ್ ಬಿಟ್ಟರೆ ಬೇರೆ ಆಟವೇ ಗೊತ್ತಿಲ್ಲದ ಊರು ಅದು. ಅಲ್ಲಿ ಫುಟ್‌ಬಾಲ್ ಟಿಕೆಟ್ ಸಿಗದ ಹಾಗಾಯಿತು.

ಇನ್ನೊಂದು ವಿಷಯ. ಲೈಪೋಲ್ಡ್‌ಗೆ ನೆಬ್ರಾಸ್ಕ ಹೊಸದೇನಲ್ಲ. 2001ರಿಂದ ಮೂರು ವರ್ಷ ಇದೇ ತಂಡದ ಕಚೇರಿಯಲ್ಲಿ, ಆಮೇಲೆ ಮೂರು ವರ್ಷ ಅದೇ ರಾಜ್ಯದ ಒಮಾಹಾದಲ್ಲಿ ಕೆಲಸ ಮಾಡಿದವರು. ಆಗ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಕೈಲ್ ವ್ಯಾಂಟ್ರೀಸ್? ಜಾರ್ಜಿಯಾ ಸದರ್ನ್ ಸೇರುವ ಮುಂಚೆ ಆ ಹುಡುಗ ಬಫಲೋದಲ್ಲಿ ಲೈಪೋಲ್ಡ್ ಕೈಕೆಳಗೆ ಆಡಿದವನು. ಫ್ರಾಸ್ಟ್ ಅವರನ್ನು ಮನೆಗೆ ಕಳಿಸಿದ್ದೇ ನನ್ನ ಅಭ್ಯರ್ಥಿಯ ಶಿಷ್ಯ! ಇದಕ್ಕಿಂತ ಒಳ್ಳೆ ಶಿಫಾರಸು ಪತ್ರ ಯಾರು ತರ್ತಾರೆ ಹೇಳಿ.

ಆದರೆ ಕ್ಯಾನ್ಸಸ್ ಸುಮ್ಮನೆ ಬಿಟ್ಟುಕೊಡಲಿಲ್ಲ. ನವೆಂಬರ್‌ನಲ್ಲೇ 2029ರ ತನಕದ ಹೊಸ ಕರಾರು ಬರೆಸಿಕೊಂಡಿತು. ನನ್ನ ಪಟ್ಟಿಯ ತಲೆಯೇ ಹೋಯಿತು.

ಈ ನಡುವೆ ತಂಡವನ್ನು ನೋಡಿಕೊಳ್ಳುತ್ತಿದ್ದವರು ಹಂಗಾಮಿ ಕೋಚ್ ಮಿಕಿ ಜೋಸೆಫ್. ಅವರೂ ಇಲ್ಲಿನ ಹಳೆಯ ಕ್ವಾರ್ಟರ್‌ಬ್ಯಾಕ್. ಯಾವ ಆಟದಲ್ಲೇ ಆಗಲಿ, ನೆಬ್ರಾಸ್ಕ ತಂಡವೊಂದಕ್ಕೆ ಮುಖ್ಯ ಕೋಚ್ ಆಗಿ ನಿಂತ ಮೊದಲ ಕಪ್ಪು ವ್ಯಕ್ತಿ. ಮುರಿದುಬಿದ್ದ ತಂಡವನ್ನು ಸೀಸನ್ ಮಧ್ಯೆ ಹಿಡಿದು ಒಂಬತ್ತರಲ್ಲಿ ಮೂರು ಗೆದ್ದರು. ನವೆಂಬರ್ 25ರಂದು ಏಳು ವರ್ಷದಿಂದ ಸತತವಾಗಿ ಸೋಲಿಸುತ್ತಿದ್ದ ಅಯೋವಾವನ್ನು (ಕ್ಯಾಂಬೆಲ್ ಅವರ ಅಯೋವಾ ಸ್ಟೇಟ್ ಅಲ್ಲ, ಇದು ಬೇರೆ ಕಾಲೇಜು) ಅವರದೇ ಮೈದಾನದಲ್ಲಿ 24-17ರಿಂದ ಹೊಡೆದರು. ಕೆಲಸ ಅವರಿಗೇ ಕೊಡಿ ಅಂದವರು ಕಡಿಮೆ ಇರಲಿಲ್ಲ. ಮನೆಮಗ ಅನ್ನೋ ಕಾರಣಕ್ಕೆ ನಾನು ಹಾಗೆ ಹೇಳಲಾರೆ. ಫ್ರಾಸ್ಟ್ ಆದ ಮೇಲೆ ಆ ಮಾತಿಗೆ ನನ್ನ ಹತ್ತಿರ ಬೆಲೆ ಇರಲಿಲ್ಲ.

ಮಾರನೆ ಬೆಳಿಗ್ಗೆಯೇ ಸುದ್ದಿ ಬಂತು. ಮ್ಯಾಟ್ ರೂಲ್, ಎಂಟು ವರ್ಷ, 7 ಕೋಟಿ 40 ಲಕ್ಷ ಡಾಲರ್. ರೂಪಾಯಿಯಲ್ಲಿ ಸುಮಾರು 600 ಕೋಟಿ. ನನ್ನ ಎರಡನೇ ಆಯ್ಕೆ. ಬೇಜಾರೇನೂ ಆಗಲಿಲ್ಲ.

2023ರಲ್ಲಿ 5 ಗೆಲುವು. 2024ರಲ್ಲಿ 7, ಎಂಟು ವರ್ಷದ ಮೇಲೆ ಮೊದಲ ಬೌಲ್ ಪಂದ್ಯ. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಬಾಸ್ಟನ್ ಕಾಲೇಜನ್ನು 20-15ರಿಂದ ಸೋಲಿಸಿದರು. ಆ ಬಾಸ್ಟನ್ ಕಾಲೇಜಿನ ಕೋಚ್ ಯಾರು ಗೊತ್ತಾ? ಬಿಲ್ ಓಬ್ರಯನ್. ಆದರೆ ಅದೇ ವರ್ಷ ಇಂಡಿಯಾನಾ ನೆಬ್ರಾಸ್ಕವನ್ನು 56-7ರಿಂದ ಚಚ್ಚಿತ್ತು. ಇಂಡಿಯಾನಾದ ಕೋಚ್ ಕರ್ಟ್ ಸಿಗ್ನೆಟಿ. ಚಿಕ್ಕ ಚಿಕ್ಕ ಕಾಲೇಜುಗಳನ್ನು ಒಂದರ ಮೇಲೊಂದು ಗೆಲ್ಲಿಸಿಕೊಂಡು ಬಂದವರು. ನನ್ನ ಷರತ್ತಿನ ಪ್ರಕಾರ ಅಪ್ಪಟ ಚಿನ್ನ. ಇಂಡಿಯಾನಾಗೆ ಹೋಗುವ ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು.

2025ರಲ್ಲೂ ರೂಲ್ ತಂಡ ಗೆದ್ದಿದ್ದು 7. ಸೀಸನ್ ಮಧ್ಯೆ ಪೆನ್ ಸ್ಟೇಟ್ ತನ್ನ ಕೋಚನ್ನು ತೆಗೆದ ಕೂಡಲೇ, ಅಲ್ಲಿನ ಹಳೆಯ ವಿದ್ಯಾರ್ಥಿ ರೂಲ್ ಅತ್ತ ಹಾರುತ್ತಾರೆ ಅಂತ ಎಲ್ಲರೂ ಮಾತಾಡಿಕೊಂಡರು. ನನ್ನ ಹಳೆಯ ಭಯ ಅದೇ ತಾನೇ. ನೆಬ್ರಾಸ್ಕ 2032ರ ತನಕ ಕರಾರು ಬೆಳೆಸಿ ಅವರನ್ನು ಉಳಿಸಿಕೊಂಡಿತು. ಪೆನ್ ಸ್ಟೇಟ್‌ಗೆ ಸಿಕ್ಕಿದ್ದು ನನ್ನ ಮೂರನೇ ಆಯ್ಕೆ.

ರೂಲ್ ಮೂರು ಸೀಸನ್ ಮುಗಿಸಿದ್ದಾರೆ. ಅಯೋವಾ ಎದುರು ಮೂರಕ್ಕೆ ಮೂರೂ ಸೋತಿದ್ದಾರೆ. ಆ ತಂಡವನ್ನು ಕೊನೆಯದಾಗಿ ಸೋಲಿಸಿದ ನೆಬ್ರಾಸ್ಕ ಕೋಚ್ ಈಗಲೂ ಮಿಕಿ ಜೋಸೆಫ್ ಅವರೇ.

ನಮಸ್ಕಾರ.