ಹ್ಯಾಮ್‌ಸ್ಟರ್ ಕಚ್ಚುತ್ತಾ? ಮೊದಲು ಕೈ ಎಲ್ಲಿಂದ ಬರುತ್ತೆ ನೋಡಿ

ನಮಸ್ಕಾರ. ಹಾಸನದಲ್ಲಿ ಹೊರಗೆ ಜಿಟಿಜಿಟಿ ಮಳೆ, ಸಂಜೆ ಏಳೂವರೆ. ಕೇಜಿನ ಹಾಸಿನ ಅಡಿಯಿಂದ ಈಗಷ್ಟೇ ಒಂದು ಮೂಗು ಆಚೆ ಬಂತು, ನಮ್ಮ ಹ್ಯಾಮ್‌ಸ್ಟರ್‌ದು, ಇಲಿಯಂಥ ಪುಟ್ಟ ಸಾಕುಪ್ರಾಣಿ. ಮೀಸೆ ಹೇಗೆ ಅಲ್ಲಾಡ್ತಿದೆ ನೋಡಿ. ಕಣ್ಣು ಬಿಟ್ಟಿದೆ ನಿಜ, ಆದ್ರೆ ಅದು ನೋಡ್ತಿರೋದಕ್ಕಿಂತ ಮೂಸ್ತಿರೋದೇ ಹೆಚ್ಚು. ಹ್ಯಾಮ್‌ಸ್ಟರ್‌ಗೆ ದೃಷ್ಟಿ ಮಂದ. ಹೊರಗೆ ಬಯಲಲ್ಲಿ ಅದನ್ನ ಎತ್ಕೊಂಡು ಹೋಗೋ ಗೂಬೆ ಬರೋದು ಮೇಲಿಂದ. ನಮ್ಮ ಕೈ ಬರೋದೂ ಮೇಲಿಂದಾನೇ. ಬಹಳಷ್ಟು ಕಡಿತಕ್ಕೆ ಕಾರಣ ಇಷ್ಟೇ.

ಅಂಗಡಿಯಲ್ಲಿ ಸಿಗೋ ದೊಡ್ಡ ಹೊಂಬಣ್ಣದ್ದು ಸಿರಿಯನ್ ಹ್ಯಾಮ್‌ಸ್ಟರ್. 1930ರಲ್ಲಿ ಸಿರಿಯಾದ ಅಲೆಪ್ಪೊ ಹತ್ತಿರ ಒಂದು ಹೊಲ ಅಗೆದು ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಒಂದು ತಾಯಿ ಮತ್ತು ಮರಿಗಳನ್ನ ಹಿಡಿಸಿದ್ರು. ಇವತ್ತು ಮನೆಗಳಲ್ಲಿರೋ ಸಿರಿಯನ್‌ಗಳು ಬಹುಪಾಲು ಆ ಮರಿಗಳ ಸಂತತಿ. ಪೆಟ್ಟಿಗೆಗೆ ಹಾಕಿದ ತಕ್ಷಣ ಆ ತಾಯಿ ತನ್ನದೇ ಒಂದು ಮರಿಯನ್ನ ಕಚ್ಚಿ ಕೊಂದುಹಾಕ್ತು. ಗಾಬರಿಯಾದ ಹ್ಯಾಮ್‌ಸ್ಟರ್‌ಗೆ ತನ್ನ ಮರೀನೂ ಕಾಣಲ್ಲ, ಇನ್ನು ನಿಮ್ಮ ಬೆರಳು ಯಾವ ಲೆಕ್ಕ?

ಕಚ್ಚೋದ್ರಲ್ಲೂ ವ್ಯತ್ಯಾಸ ಇದೆ. ಮೂಸಿ, ನೆಕ್ಕಿ, ಆಮೇಲೆ ಮೆಲ್ಲಗೆ ಹಲ್ಲೂರಿದ್ರೆ ಅದು ರುಚಿ ನೋಡ್ತಿದೆ ಅಂತ ಅರ್ಥ. ರೊಟ್ಟಿ ತುಪ್ಪ ತಿಂದ ಕೈಯನ್ನ ಸೀದಾ ಒಳಗೆ ಹಾಕಿದ್ರೆ ಇನ್ನೇನಾಗುತ್ತೆ? ವಾಸನೆ ಇಲ್ಲದ ಸೋಪಲ್ಲಿ ತೊಳ್ಕೊಳ್ಳಿ. ಘಮಘಮ ಅನ್ನೋ ಸೋಪೂ ಬೇಡ, ಬೆಕ್ಕು ಮುಟ್ಟಿದ ಕೈಯಂತೂ ಬೇಡವೇ ಬೇಡ. ಕೇಜಿನ ಸರಳಿನ ಸಂದಿಯಿಂದ ಕಡಲೆಬೀಜ ಕೊಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಸಂದಿಯಲ್ಲಿ ಬಂದಿದ್ದೆಲ್ಲ ತಿಂಡಿ ಅಂತ ಅದು ಕಲ್ತುಬಿಡುತ್ತೆ.

ರಕ್ತ ಬರೋ ಹಾಗೆ ಕಚ್ಚೋದು ಭಯಕ್ಕೆ. ಅದಕ್ಕೂ ಮೊದಲು ಸೂಚನೆ ಕೊಟ್ಟಿರುತ್ತೆ. ಓಡ್ತಿದ್ದದ್ದು ಗಕ್ಕನೆ ನಿಂತು ಕಲ್ಲಾಗುತ್ತೆ, ಕಿವಿ ಹಿಂದಕ್ಕೆ ಮಡಚುತ್ತೆ, ಹಲ್ಲು ಕಟಕಟ ಅನ್ನಿಸುತ್ತೆ. ಕೊನೆಗೆ ಅಂಗಾತ ಬಿದ್ದು, ಬಾಯಿ ತೆರೆದು, ನಾಲ್ಕೂ ಕಾಲು ಮೇಲೆತ್ತಿ ಕಿರುಚುತ್ತೆ. ಮಕ್ಕಳು ಇದನ್ನ ಆಟ ಅಂದ್ಕೊಂಡು ಹೊಟ್ಟೆ ಕೆರೆಯೋಕೆ ಹೋಗ್ತಾರೆ. ಅಲ್ಲಿಗೆ ಮುಗೀತು.

ಇನ್ನು ಮನೆ. ಬಣ್ಣಬಣ್ಣದ ಪೈಪಿರೋ ಪುಟ್ಟ ಕೇಜ್ ಕೊಳ್ಳೋದು ದಂಡ. ನೆಲದ ಅಳತೆ ಕನಿಷ್ಠ 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ ಇರಲಿ. ಬಡಗಿ ಹತ್ರ ಪ್ಲೈವುಡ್ ಪೆಟ್ಟಿಗೆ ಮಾಡಿಸಿ ಮೇಲೆ ಜಾಲರಿ ಹಾಕಿಸಿದ್ರೆ ಆಯ್ತು. ಒಳಗೆ ಬಿಲ ತೋಡೋಕೆ ಕಾಗದದ ಚೂರು 20 ಸೆಂ.ಮೀ. ಆಳಕ್ಕಾದರೂ ತುಂಬಿ. ಮರದ ಮಿಲ್‌ನಿಂದ ತರೋ ಹೊಟ್ಟಲ್ಲಿ ದೂಳು ಜಾಸ್ತಿ, ಮೂಗು ಕಟ್ಟುತ್ತೆ. ತೋಟದವರು ಕಾಫಿ ಸಿಪ್ಪೆ ಪುಕ್ಕಟೆ ಸಿಗುತ್ತೆ ಅಂತ ಹಾಸಬೇಡಿ, ಅದರಲ್ಲಿ ಕೆಫೀನ್ ಇರುತ್ತೆ. ಒಳಗೆ ಓಡೋಕೆ ಇಡೋ ಚಕ್ರದ ಅಡ್ಡಳತೆ ಸಿರಿಯನ್‌ಗೆ 28 ಸೆಂ.ಮೀ., ಕುಳ್ಳ ಜಾತಿಗೆ 20. ಓಡುವಾಗ ಬೆನ್ನು ಬಾಗ್ತಿದ್ರೆ ಚಕ್ರ ಚಿಕ್ಕದು. ಸರಳು ಕಡೀತಾ ಕೂತಿದ್ರೆ ಜಾಗ ಸಾಲ್ತಿಲ್ಲ, ಅದೇ ಸಿಟ್ಟು ಕೈ ಮೇಲೂ ಬರುತ್ತೆ. "ಜೋಡಿ ತಗೊಳ್ಳಿ, ಒಂದಕ್ಕೆ ಬೇಜಾರಾಗುತ್ತೆ" ಅಂತ ಅಂಗಡಿಯವರು ಹೇಳಿದ್ರೆ ಕೇಳಬೇಡಿ. ಬೆಳೆದ ಸಿರಿಯನ್‌ಗಳು ಒಂದೇ ಕಡೆ ಇದ್ರೆ ಸಾಯೋವರೆಗೂ ಕಚ್ಚಾಡ್ತವೆ.

ಮಳೆಗಾಲದಲ್ಲಿ ಹಾಸು ಬೇಗ ಮುಗ್ಗುತ್ತೆ. ಹಾಗಂತ ಎಲ್ಲಾ ಒಟ್ಟಿಗೆ ಎಸೆದು ಹೊಸದು ತುಂಬಬೇಡಿ. ತನ್ನ ವಾಸನೆ ಹೋದ್ರೆ ಅದಕ್ಕೆ ಪರಸ್ಥಳ. ಉಚ್ಚೆ ಹೊಯ್ಯೋ ಮೂಲೆ ದಿನಾ ತೆಗೀರಿ, ಮಿಕ್ಕಿದ್ದರಲ್ಲಿ ಒಣಗಿರೋ ಮೂರನೇ ಒಂದು ಭಾಗ ಹಳೇದೇ ಉಳಿಸಿ.

ಈಗ ಕೈ ಪಳಗಿಸೋದು. ಮನೆಗೆ ತಂದ ಮೊದಲ ಮೂರು ದಿನ ಊಟ, ನೀರು ಬಿಟ್ರೆ ಬೇರೇನೂ ಬೇಡ. ಒಂದೇ ಕಡೆ ಕೂತು ಮೆಲುದನಿಯಲ್ಲಿ ಮಾತಾಡಿ. ರಾತ್ರಿ ಮಲಗುವಾಗ ಒಂದು ಟಿಶ್ಯೂ ಅಂಗಿಯೊಳಗೆ ಇಟ್ಕೊಂಡು, ಬೆಳಿಗ್ಗೆ ಅದನ್ನ ಗೂಡಿನ ಪಕ್ಕ ಬಿಡಿ. ಗೂಡಿನೊಳಗೆ ತುರುಕಬೇಡಿ.

ನಾಲ್ಕನೇ ದಿನದಿಂದ, ಅದು ತಾನಾಗೇ ಎದ್ದ ಮೇಲೆ, ಕೈಯನ್ನ ಪಕ್ಕದಿಂದ ತನ್ನಿ. ಅಂಗೈ ಮೇಲ್ಮುಖ ಮಾಡಿ, ಬೆರಳು ಜೋಡಿಸಿ, ಗೂಡಿಂದ ದೂರ ಹಾಸಿನ ಮೇಲಿಟ್ಟು ಐದು ನಿಮಿಷ ಸುಮ್ಮನಿರಿ. ಸೂರ್ಯಕಾಂತಿ ಬೀಜ ಬೆರಳ ತುದಿಯಲ್ಲಿ ಹಿಡೀಬೇಡಿ, ಅಂಗೈ ನಡುವೆ ಇಡಿ. ಇಲ್ಲಿ ನೋಡಿ: ಮುಂಗಾಲೆರಡು ಬೆರಳ ಮೇಲೆ, ಹಿಂಗಾಲು ಇನ್ನೂ ಹಾಸಲ್ಲೇ, ಮೈ ಎಳೆದು ಉದ್ದ ಮಾಡಿದೆ. ಅಂದ್ರೆ ಓಡೋಕೆ ತಯಾರಾಗಿಯೇ ಬಂದಿದೆ. ಬೀಜ ಕೆನ್ನೆಚೀಲಕ್ಕೆ ತುಂಬ್ಕೊಂಡು ಓಡ್ತು, ಓಡಲಿ. ನಾಲ್ಕೂ ಕಾಲು ಅಂಗೈಗೆ ಬಂದು, ಅಲ್ಲೇ ಕೂತು ಸುಲಿದು ತಿನ್ನೋ ದಿನ ಕೈಯನ್ನ ಒಂದಿಂಚು ಎತ್ತಿ ಇಳಿಸಿ. ಅವತ್ತಿಗೆ ಅಷ್ಟು ಸಾಕು. ಬೀಜದಲ್ಲಿ ಕೊಬ್ಬು ಜಾಸ್ತಿ, ದಿನಕ್ಕೆ ಎರಡು ಮೂರು ದಾಟಬೇಡಿ.

ಹೊರಗೆ ತೆಗೆಯೋಕೆ ಬಚ್ಚಲುಮನೆ ಮಗ್ಗಿಗಿಂತ ಒಳ್ಳೆ ಸಾಧನ ಇಲ್ಲ. ಚೆನ್ನಾಗಿ ತೊಳೆದು, ಅಡ್ಡ ಮಲಗಿಸಿ, ಒಳಗೆ ಬೀಜ ಹಾಕಿ. ತಾನೇ ನುಗ್ಗುತ್ತೆ. ಬಟ್ಟೆ ನೆನೆಸೋ ದೊಡ್ಡ ಟಬ್ಬಿಗೆ ಬಿಟ್ಟು ಹತ್ತು ಹದಿನೈದು ನಿಮಿಷ ಅಲ್ಲೇ ಕೈ ಮೇಲೆ ಹತ್ತಿಸಿ. ಗೂಡಿರೋ ಜಾಗಕ್ಕಿಂತ ಇಲ್ಲಿ ಜಗಳ ಕಮ್ಮಿ. ನೀವು ಮಾತ್ರ ನೆಲದ ಮೇಲೇ ಕೂತಿರಿ, ಕೈಯಿಂದ ಜಾರಿದ್ರೆ ಕಾಲು ಮುರಿಯುತ್ತೆ.

ಅಷ್ಟಾದ್ರೂ ಕಚ್ತು ಅನ್ಕೊಳ್ಳಿ. ಕೈ ಝಾಡಿಸಬೇಡಿ, ಅದು ಹಾರಿ ಗೋಡೆಗೆ ಬೀಳುತ್ತೆ, ನಿಮ್ಮ ಗಾಯವೂ ಸೀಳುತ್ತೆ. ಕೈಯನ್ನ ನಿಧಾನವಾಗಿ ನೆಲಕ್ಕೆ ತಾಗಿಸಿ, ಕಾಲಿಗೆ ನೆಲ ಸಿಕ್ಕಿದ್ರೆ ಬಿಡುತ್ತೆ. ಮುಖಕ್ಕೆ ಊದೋದು, ಮೂಗಿಗೆ ಚಿಮ್ಮೋದು ದಡ್ಡ ಕೆಲಸ. ಕೈ ಅಂದ್ರೆ ನೋವು ಅನ್ನೋ ಅದರ ಅನುಮಾನಕ್ಕೆ ನೀವೇ ಸಾಕ್ಷಿ ಕೊಟ್ಟ ಹಾಗೆ. ಅರ್ಧ ನಿಮಿಷ ಬಿಟ್ಟು, ಶಾಂತವಾದ ಮೇಲೆ ಕೇಜಿಗೆ ಕಳಿಸಿ. ಕಚ್ಚಿದ ಕ್ಷಣಕ್ಕೇ ಕಳಿಸಿದ್ರೆ ಕಚ್ಚೋದೇ ಮನೆಗೆ ಹೋಗೋ ದಾರಿ ಅಂತ ಕಲಿಯುತ್ತೆ.

ಪಳಗಿದ್ದದ್ದು ಇದ್ದಕ್ಕಿದ್ದಂತೆ ಕಚ್ಚೋಕೆ ಶುರುಮಾಡಿದ್ರೆ ನೋವಿರಬಹುದು. ಅತಿಯಾಗಿ ಬೆಳೆದ ಹಲ್ಲು, ಕೆನ್ನೆಚೀಲದಲ್ಲಿ ಕೀವು, ಭೇದಿಯಾಗಿ ಒದ್ದೆಯಾದ ಬಾಲ ಇದೆಯಾ ನೋಡಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಆದ್ರೂ ಇಷ್ಟು ಚಿಕ್ಕ ಪ್ರಾಣಿ ನೋಡ್ತಾರಾ ಅಂತ ಮೊದಲು ವಿಚಾರಿಸಿ. ಮರಿ ಹಾಕಿದ ತಾಯಿ ಆದ್ರೆ ಎರಡು ವಾರ ಗೂಡು ಮುಟ್ಟಲೇಬೇಡಿ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಗೆ ಕೆಲವು ತಣ್ಣಗಾಗಿ ಸತ್ತ ಹಾಗೆ ಮಲಗಿಬಿಡ್ತವೆ. ಕೋಣೆಯನ್ನ ನಿಧಾನವಾಗಿ ಬೆಚ್ಚಗೆ ಮಾಡಿ. ಅರೆಎಚ್ಚರದಲ್ಲಿ ಬಲವಾಗಿ ಕಚ್ಚುತ್ತೆ, ಟವೆಲ್ ಇಲ್ಲದೆ ಎತ್ತಬೇಡಿ.

ಕಚ್ಚಿದ ಜಾಗವನ್ನ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೀರಿ, ಪೊವಿಡೋನ್ ಅಯೋಡಿನ್ ಹಚ್ಚಿ, ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷ ಆಯ್ತು ನೋಡ್ಕೊಳ್ಳಿ. ಹ್ಯಾಮ್‌ಸ್ಟರ್‌ನಿಂದ ರೇಬಿಸ್ ತೀರಾ ಅಪರೂಪ, ಆದ್ರೂ ಲಸಿಕೆ ಬೇಕೋ ಬೇಡವೋ ಅನ್ನೋದು ಡಾಕ್ಟರ್ ಹೇಳಲಿ. ಕಚ್ಚಿದ ಮೇಲೆ ಮೈಯೆಲ್ಲ ದದ್ದು, ಉಸಿರಾಟಕ್ಕೆ ತೊಂದರೆ ಆದ್ರೆ ಅದು ಎಂಜಲಿನ ಅಲರ್ಜಿ ಇರಬಹುದು. ಕೂತು ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.