18 ವರ್ಷ, 180 ದಿನ

ಆತ್ಮೀಯರೇ,

ದಾಖಲೆ ಇಲ್ಲದೆ ಅಮೆರಿಕದಲ್ಲಿ ಬೆಳೆದ ಮಕ್ಕಳ ಕುರಿತ ನನ್ನ ಇಂದಿನ ಮಾತಿಗೆ ಆಹ್ವಾನ ಪತ್ರಿಕೆಯಲ್ಲಿ ‘ಮರಳಿ ಹೋಗಬೇಕೇ, ಬೇಡವೇ’ ಎಂದು ಹೆಸರು ಕೊಟ್ಟಿದ್ದಾರೆ. ಅದರಲ್ಲಿನ ‘ಮರಳಿ’ ಎಂಬ ಪದದ ಬಗ್ಗೆ ನನಗೊಂದು ತಕರಾರಿದೆ. ಮೂರನೆಯ ವಯಸ್ಸಿನಲ್ಲಿ ಬಿಟ್ಟುಬಂದ ನೆಲಕ್ಕೆ ಹದಿನೇಳನೆಯ ವಯಸ್ಸಿನಲ್ಲಿ ಹೊರಟವಳು ನಿಜವಾಗಿ ಮರಳುತ್ತಾಳೆಯೇ, ಮೊದಲ ಸಲ ಹೋಗುತ್ತಾಳೆಯೇ? ಹಿಂದಿರುಗುವುದೆಂದರೆ ಹಿಂದೆ ತಿರುಗಿ ನೋಡಿದಾಗ ಅಲ್ಲಿ ಒಂದು ಮನೆ, ಒಂದು ದಾರಿ, ಗುರುತಿನ ಒಂದು ಮುಖವಾದರೂ ಕಾಣಬೇಕು.

ನಾನು ವಕೀಲೆಯಲ್ಲ. ಕ್ಯಾಲಿಫೋರ್ನಿಯದ ಒಂದು ಗ್ರಂಥಾಲಯದ ಕೋಣೆಯಲ್ಲಿ ಶನಿವಾರಗಳಂದು ಕಾಲೇಜಿನ ಅರ್ಜಿ ತುಂಬಲು ಮಕ್ಕಳಿಗೆ ನೆರವಾಗುವ ಸ್ವಯಂಸೇವಕಿ. ನನ್ನ ಮೇಜಿಗೆ ಬರುವವರಲ್ಲಿ ಅನೇಕರು ಈ ದೇಶದಲ್ಲಿರಲು ಅನುಮತಿಯ ದಾಖಲೆ ಇಲ್ಲದವರು. ಅವರ ಮನೆಮಾತಿನಲ್ಲಿ ಅದಕ್ಕೆ ‘ಸಿನ್ ಪಪೆಲೆಸ್’ ಎನ್ನುತ್ತಾರೆ, ಅಂದರೆ ಕಾಗದವಿಲ್ಲದವರು. ಆದರೆ ಇವರಷ್ಟು ಕಾಗದ ಕೂಡಿಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಈಚೆಗೆ ಬಂದ ಹುಡುಗಿಯೊಬ್ಬಳ ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಕಡತವಿತ್ತು. ಅದರಲ್ಲಿ ಮೆಕ್ಸಿಕೋದ ವಹಾಕಾ ರಾಜ್ಯದಲ್ಲಿ ಕೊಟ್ಟ ಜನನ ಪ್ರಮಾಣಪತ್ರ, ಲಸಿಕೆಯ ಚೀಟಿ, ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗಿನ ಅಂಕಪಟ್ಟಿಗಳು, ನಾಲ್ಕನೆಯ ತರಗತಿಯಲ್ಲಿ ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದಿದ್ದಕ್ಕೆ ಕೊಟ್ಟ ಪ್ರಶಸ್ತಿಪತ್ರ, ಎಲ್ಲವೂ ವರ್ಷವಾರು ಜೋಡಣೆಯಾಗಿದ್ದವು. ಎಂದಾದರೂ ಯಾರಾದರೂ ‘ನೀನು ಇಲ್ಲೇ ಇದ್ದೆ ಎನ್ನುವುದಕ್ಕೆ ಏನು ಸಾಕ್ಷಿ’ ಎಂದು ಕೇಳಿಯಾರು ಎಂದು ಅವಳ ತಾಯಿ ಒಂದು ಚೀಟಿಯನ್ನೂ ಎಸೆದಿರಲಿಲ್ಲ.

ಹುಡುಗಿ ಕಾಲೇಜಿನ ಬಗ್ಗೆ ಏನೂ ಕೇಳಲಿಲ್ಲ. ಊರಿನಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದರು. ‘ಹೋದರೆ ವಾಪಸು ಬರಲು ಆಗುತ್ತದೆಯೇ?’ ಎಂದಳು. ಆಮೇಲೆ ದನಿ ತಗ್ಗಿಸಿ, ‘ಅಲ್ಲೇ ಇದ್ದುಬಿಟ್ಟರೆ ಹೇಗೆ?’ ಎಂದಳು.

ಈ ಪ್ರಶ್ನೆಗೆ ಉತ್ತರ ಕೊಡಲು ನಾನು ಮೊದಲು ಕೈಗೆತ್ತಿಕೊಂಡದ್ದು ಕ್ಯಾಲೆಂಡರನ್ನು. ಕಾರಣ ಹೇಳುತ್ತೇನೆ.

1996ರಲ್ಲಿ ಅಮೆರಿಕದ ಕಾಂಗ್ರೆಸ್ ಮಾಡಿದ ವಲಸೆ ಕಾಯಿದೆಯಲ್ಲಿ ದಿನಗಳ ಒಂದು ಲೆಕ್ಕವಿದೆ. ಅನುಮತಿಯಿಲ್ಲದೆ 180 ದಿನಕ್ಕಿಂತ ಹೆಚ್ಚು, ಆದರೆ ಒಂದು ವರ್ಷಕ್ಕಿಂತ ಕಡಿಮೆ ಇದ್ದು ತಾವಾಗಿ ಹೊರಟವರು ಮೂರು ವರ್ಷ ಒಳಗೆ ಬರುವಂತಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ ಹತ್ತು ವರ್ಷದ ತಡೆ. ಹದಿನೆಂಟು ತುಂಬುವ ತನಕದ ದಿನಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಇಂಥ ಪ್ರತಿ ಮಗುವಿನ ಬದುಕಿನಲ್ಲಿಯೂ ಒಂದು ತಾರೀಖು ಇರುತ್ತದೆ: ಹದಿನೆಂಟನೆಯ ಹುಟ್ಟುಹಬ್ಬ, ಅದಕ್ಕೆ ಕೂಡಿಸಿ 180 ದಿನ. ಆ ತಾರೀಖಿನೊಳಗೆ ಹೊರಟರೆ ಈ ತಡೆ ಇಲ್ಲ, ದಾಟಿದರೆ ಇದೆ. ಈ ದೇಶದಲ್ಲಿ ಉಳಿದಿರುವಷ್ಟು ಕಾಲ ತಡೆ ಮೈಮೇಲೆ ಬೀಳುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಅದು ಬೀಳುವುದು ಗಡಿ ದಾಟಿ ಹೊರಟ ಗಳಿಗೆಯಲ್ಲಿ. ‘ನಿಮ್ಮ ದೇಶಕ್ಕೆ ಹೋಗಿ’ ಎನ್ನುವ ಕಾಯಿದೆಯೇ ಹೋದವರನ್ನು ಹಿಡಿದು ಶಿಕ್ಷಿಸುತ್ತದೆ. ಅತ್ತ ದರಿ, ಇತ್ತ ಪುಲಿ ಎಂಬ ಮಾತು ಇದಕ್ಕಾಗಿಯೇ ಹುಟ್ಟಿದಂತಿದೆ.

ತಡೆಗೆ ವಿನಾಯಿತಿ ಕೇಳಬಹುದು. ಅದಕ್ಕೆ ಅಮೆರಿಕದ ಪ್ರಜೆಯಾದ ಅಥವಾ ಗ್ರೀನ್ ಕಾರ್ಡ್ ಇರುವ ಗಂಡನೋ ಹೆಂಡತಿಯೋ, ತಂದೆಯೋ ತಾಯಿಯೋ ತೀವ್ರ ಸಂಕಷ್ಟಕ್ಕೆ ಸಿಲುಕುತ್ತಾರೆಂದು ರುಜುವಾತು ಮಾಡಬೇಕು. ಮಕ್ಕಳ ಸಂಕಷ್ಟ ಆ ಪಟ್ಟಿಯಲ್ಲಿ ಇಲ್ಲ. ಅನುಮತಿಯಿಲ್ಲದೆ ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಇದ್ದು ಹೋದವರು ಮತ್ತೆ ಕದ್ದು ಗಡಿ ದಾಟಿ ಬಂದರೆ ತಡೆ ಶಾಶ್ವತವಾಗುತ್ತದೆ. ಹತ್ತು ವರ್ಷ ಹೊರಗೆ ಕಳೆದ ಮೇಲಷ್ಟೇ ಅನುಮತಿಗೆ ಅರ್ಜಿ ಹಾಕಬಹುದು. ಆ ಕಲಮಿನಲ್ಲಿ ಬಾಲ್ಯದ ದಿನಗಳಿಗೂ ರಿಯಾಯಿತಿ ಇಲ್ಲ.

ಹುಡುಗಿಗೆ ಹದಿನೆಂಟು ತುಂಬಲು ಆಗ ಐದು ವಾರ ಬಾಕಿಯಿತ್ತು.

ಇಷ್ಟು ದೊಡ್ಡ ಸಂಗತಿ ಮಕ್ಕಳಿಗೆ ಮೊದಲೇ ಏಕೆ ತಿಳಿದಿರುವುದಿಲ್ಲ ಎಂದು ನೀವು ಕೇಳಬಹುದು. ಶಾಲೆ ಅದನ್ನು ಕೇಳುವುದಿಲ್ಲ, ಕೇಳಬಾರದು ಕೂಡ. ಟೆಕ್ಸಸ್‌ನ ಟೈಲರ್ ಪಟ್ಟಣದ ಶಾಲೆಗಳು ಇಂಥ ಮಕ್ಕಳಿಂದ ವರ್ಷಕ್ಕೆ 1,000 ಡಾಲರ್ ಶುಲ್ಕ ಕೇಳಿದ್ದವು. ಆ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1982ರ ಜೂನ್ 15ರಂದು ನ್ಯಾಯಾಲಯ, ತಂದೆತಾಯಿಯ ತಪ್ಪಿಗೆ ಮಕ್ಕಳಿಂದ ಶಾಲೆಯನ್ನು ಕಿತ್ತುಕೊಳ್ಳಲಾಗದು ಎಂಬ ನಿಲುವಿನಿಂದ ಐದಕ್ಕೆ ನಾಲ್ಕು ಮತಗಳಲ್ಲಿ ತೀರ್ಪಿತ್ತಿತು. ಆ ತೀರ್ಪನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅದು ಶಾಲೆಯ ಗೇಟಿನವರೆಗೆ ಮಾತ್ರ ಬರುತ್ತದೆ. ಹನ್ನೆರಡು ವರ್ಷ ಎಲ್ಲರ ಜೊತೆ ಸಾಲಿನಲ್ಲಿ ನಿಂತ ಮಗು ಹದಿನಾರರಲ್ಲಿ ಬೇಸಿಗೆಯ ಕೆಲಸಕ್ಕೆ ಅರ್ಜಿ ಹಾಕಲು ಹೊರಟಾಗ ತಾಯಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ‘ನಿನಗೊಂದು ವಿಷಯ ಹೇಳಬೇಕು’ ಎನ್ನುತ್ತಾಳೆ.

ಆ ತೀರ್ಪಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ, 2012ರ ಜೂನ್ 15ರಂದು, ಒಬಾಮ ಸರ್ಕಾರ ‘ಡಾಕಾ’ ಯೋಜನೆಯನ್ನು ಪ್ರಕಟಿಸಿತು. ಬಾಲ್ಯದಲ್ಲಿ ಇಲ್ಲಿಗೆ ಬಂದ, ದಾಖಲೆ ಇಲ್ಲದವರ ಗಡೀಪಾರನ್ನು ಎರಡೆರಡು ವರ್ಷಕ್ಕೆ ಮುಂದೂಡಿ, ಕೆಲಸದ ಪರವಾನಗಿ ಕೊಡುವ ಯೋಜನೆ ಅದು. 2017ರಲ್ಲಿ ಅದನ್ನು ರದ್ದು ಮಾಡುವ ಘೋಷಣೆಯಾಯಿತು, 2020ರಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ತಳ್ಳಿಹಾಕಿತು. ಇಂಥ ಮಕ್ಕಳಿಗೆ ಇಟ್ಟ ‘ಡ್ರೀಮರ್’ ಎಂಬ ಹೆಸರು ಕೇಳಿದವರು ಅವರಿಗೆಲ್ಲ ಡಾಕಾ ಇದೆ ಎಂದೇ ತಿಳಿದಿರುತ್ತಾರೆ. ಹಾಗಿಲ್ಲ. 2007ರ ಜೂನ್ 15ರಿಂದ ಸತತವಾಗಿ ಇಲ್ಲಿ ಇದ್ದವರಿಗಷ್ಟೇ ಅದು. ನನ್ನ ಮೇಜಿನ ಮುಂದೆ ಕುಳಿತವಳು ಆ ದಿನ ಹುಟ್ಟಿಯೇ ಇರಲಿಲ್ಲ. ನೀಲಿ ಕಡತದ ಅಷ್ಟೂ ಕಾಗದಗಳಿಂದ ಅವಳಿಗೆ ಸಿಗುವುದು ಕ್ಯಾಲಿಫೋರ್ನಿಯದ ಕಾಲೇಜಿನಲ್ಲಿ ಸ್ಥಳೀಯರ ದರದ ಶುಲ್ಕ, ವಾಹನ ಚಾಲನೆಯ ಪರವಾನಗಿ. ಪದವಿ ಮುಗಿದ ಮರುದಿನ ಮಾಡುವ ಕೆಲಸಕ್ಕೆ ಅನುಮತಿ ಇಲ್ಲ.

ಈ ಸಭೆಯಲ್ಲಿರುವ ಕೆಲವರಿಗೆ ಇದರ ದೂರದ ನೆಂಟ ಎನ್ನಬಹುದಾದ ಒಂದು ಸಂಕಟ ಗೊತ್ತಿದೆ. ತಂದೆಯದೋ ತಾಯಿಯದೋ ಎಚ್-1ಬಿ ವೀಸಾದ ಆಸರೆಯಲ್ಲಿ ಬೆಳೆದ ಮಗು 21 ತುಂಬಿದ ದಿನ ಆ ಆಸರೆ ಕಳೆದುಕೊಳ್ಳುತ್ತದೆ. ಆ ಕಳವಳದಲ್ಲಿ ನಿದ್ದೆಗೆಟ್ಟವರು ಈ ಹುಡುಗಿಯನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ ಎಂಬ ನಂಬಿಕೆ ನನಗಿದೆ.

ಹೋದರೆ ಅಲ್ಲಿ ಏನಿದೆ? ಹೋದ ಒಬ್ಬನನ್ನು ನಾನು ಬಲ್ಲೆ. ಇಪ್ಪತ್ತೆರಡರಲ್ಲಿ, ಹತ್ತು ವರ್ಷದ ತಡೆ ಬೀಳುತ್ತದೆಂದು ತಿಳಿದೇ ಹೋದ. ಈಗ ಮೆಕ್ಸಿಕೋ ಸಿಟಿಯ ಕಾಲ್ ಸೆಂಟರೊಂದರಲ್ಲಿದ್ದಾನೆ. ಅಲ್ಲಿ ಅವನಂಥವರು ಎಷ್ಟು ಮಂದಿ ಸೇರಿದ್ದಾರೆಂದರೆ, ಆ ನಗರದ ಒಂದು ಬಡಾವಣೆಗೆ ‘ಲಿಟಲ್ ಎಲ್ಎ’, ಅಂದರೆ ಪುಟ್ಟ ಲಾಸ್ ಏಂಜಲೀಸ್, ಎಂಬ ಅಡ್ಡಹೆಸರೇ ಬಿದ್ದಿದೆ. ಅವನಿಗೆ ಮೊದಲು ಅಡ್ಡ ಬಂದದ್ದು ಸ್ವಂತ ಹೆಸರು. ಮೆಕ್ಸಿಕೋದ ಜನನ ಪ್ರಮಾಣಪತ್ರದಲ್ಲಿ ತಂದೆಯದು, ತಾಯಿಯದು ಎಂದು ಎರಡು ಕುಲನಾಮ. ಅಮೆರಿಕದ ಶಾಲೆ ಒಂದನ್ನು ಕೈಬಿಟ್ಟಿತ್ತು. ಇಬ್ಬರೂ ಒಬ್ಬನೇ ಎಂದು ಸಾಬೀತು ಮಾಡಲು ಕಚೇರಿಯಿಂದ ಕಚೇರಿಗೆ ಅಲೆದ. ಅವನ ಸ್ಪ್ಯಾನಿಷ್ ಕೇಳಿ ಓರಗೆಯವರು ‘ಪೋಚೊ’ ಎಂದರು. ಗಡಿಯಾಚೆ ಬೆಳೆದು ಭಾಷೆ ಕೆಡಿಸಿಕೊಂಡವನು ಎಂಬ ಹೀಯಾಳಿಕೆ ಅದು. ಒಂದು ರಾತ್ರಿ ಅವನಿಗೆ ಕರೆ ಮಾಡಿದ ಗ್ರಾಹಕಿ ಅವನು ಬೆಳೆದ ಊರಿನವಳೇ, ವಿಳಾಸ ಅವನ ಪ್ರೌಢಶಾಲೆಯ ಹಿಂದಿನ ಬೀದಿ. ಬಿಲ್ಲಿನ ತಕರಾರು ಬಗೆಹರಿಸಿ, ನಮಸ್ಕಾರ ಹೇಳಿ ಫೋನ್ ಇಟ್ಟ. ‘ಆ ಬೀದಿಯಲ್ಲಿ ನೇರಳೆ ಹೂವಿನ ಮರ ಇನ್ನೂ ಇದೆಯೇ ಎಂದು ಕೇಳಬೇಕೆನಿಸಿತ್ತು’ ಎಂದು ನನಗೆ ಬರೆದಿದ್ದ.

ಇನ್ನೊಂದು ಮಾತನ್ನೂ ಬರೆದಿದ್ದ, ಅದನ್ನು ಮುಚ್ಚಿಟ್ಟರೆ ಅವನಿಗೆ ಅನ್ಯಾಯ. ಪೊಲೀಸ್ ವಾಹನ ಕಂಡಾಗ ಹೊಟ್ಟೆಯೊಳಗೆ ತಣ್ಣಗಾಗುವುದು ನಿಲ್ಲಲು ಆರು ತಿಂಗಳು ಹಿಡಿಯಿತಂತೆ. ಒಂದು ದಿನ ಅದು ನಿಂತುಹೋಗಿದೆ ಎಂಬುದು ಅರಿವಿಗೆ ಬಂದಾಗ ಪಾದಚಾರಿ ರಸ್ತೆಯಲ್ಲೇ ಕುಳಿತುಬಿಟ್ಟನಂತೆ. ಜೀವನದಲ್ಲಿ ಮೊದಲ ಸಲ ಸ್ವಂತ ಹೆಸರಿನಲ್ಲಿ ಸಂಬಳ ಪಡೆದ, ಮತ ಹಾಕಿದ.

ಹಾಗಾಗಿ ‘ಇಲ್ಲೇ ಇದ್ದು ಹೋರಾಡು’ ಎಂದು ಈ ಮಕ್ಕಳನ್ನು ಹುರಿದುಂಬಿಸುವವರ ಬಗ್ಗೆಯೂ ನನಗೆ ಅಸಮಾಧಾನವಿದೆ. ಹೋದವನು ಸೋತವನಲ್ಲ. ಇನ್ನೊಂದು ಕಡೆ, 2025ರಿಂದ ಸರ್ಕಾರ ಮೊಬೈಲ್ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿ ತಾವಾಗಿ ಹೊರಟವರಿಗೆ ವಿಮಾನದ ಟಿಕೆಟ್ ಮತ್ತು ಹಣದ ಆಸೆ ತೋರಿಸುತ್ತಿದೆ. ಮೊದಲು ಘೋಷಿಸಿದ್ದು 1,000 ಡಾಲರ್. ಆ ಹಣ ಪಡೆದು ವಿಮಾನ ಹತ್ತಿದವರಿಗೂ ಹತ್ತು ವರ್ಷದ ತಡೆ ಕಾಯಿದೆಯಲ್ಲಿ ಹಾಗೆಯೇ ಇದೆ. ಇದನ್ನು ವಲಸೆ ಕಾನೂನು ಬಲ್ಲ ವಕೀಲರ ಬಾಯಿಂದ ಕೇಳದೆ ಯಾವ ಮಗುವೂ ಟಿಕೆಟ್ ಮುಟ್ಟಬಾರದು.

ತಂದೆತಾಯಿಗಳಲ್ಲಿ ನನ್ನದೊಂದೇ ಬೇಡಿಕೆ: ಮಗುವಿಗೆ ಹದಿನೈದರಲ್ಲಿಯೇ ಹೇಳಿ. ಮುಚ್ಚಿಟ್ಟದ್ದು ಪ್ರೀತಿಯಿಂದಲೇ ಎಂದು ನನಗೆ ಗೊತ್ತು. ಆದರೆ ತಡವಾಗಿ ಹೇಳಿದರೆ ಮಗುವಿಗೆ ಯೋಚಿಸಲು ಉಳಿಯುವುದು 180 ದಿನ.

ಆ ಹುಡುಗಿಗೆ ಎಲ್ಲವನ್ನೂ ಹೇಳಿದೆ. ತಾರೀಖಿನೊಳಗೆ ಹೋದರೆ ತಡೆ ಇಲ್ಲ, ಹಾಗೆಂದು ವೀಸಾ ಸಿಗುವ ಭರವಸೆಯೂ ಇಲ್ಲ. ತಂದೆತಾಯಿ ಇಲ್ಲೇ ಇರುವವಳು ಓದು ಮುಗಿಸಿ ಊರಿಗೆ ಮರಳುತ್ತಾಳೆಂದು ವೀಸಾ ಅಧಿಕಾರಿಯನ್ನು ನಂಬಿಸುವುದು ಕಷ್ಟ ಎಂದೆ. ಅವಳು ಮುಂದಿನ ಎರಡು ಶನಿವಾರ ಬರಲಿಲ್ಲ. ಮೂರನೆಯ ಶನಿವಾರ ಬಂದಳು. ಅಜ್ಜಿ ತೀರಿಕೊಂಡಿದ್ದರು, ಮಣ್ಣು ಮಾಡಿದ್ದನ್ನು ತಾಯಿಯ ಜೊತೆ ಮೊಬೈಲಿನಲ್ಲಿ ನೋಡಿದ್ದಳು. ಹೋಗುವುದೋ ಬಿಡುವುದೋ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ದಿನಗಳನ್ನು ಎಣಿಸಿ ಗುರುತು ಹಾಕಿದ್ದ ಕ್ಯಾಲೆಂಡರಿನ ಹಾಳೆಗಳನ್ನು ಕೇಳಿ ಪಡೆದು ನೀಲಿ ಕಡತಕ್ಕೆ ಸೇರಿಸಿದಳು. ಆಮೇಲೆ ಬಿಳಿ ಹಾಳೆಯೊಂದನ್ನು ನನ್ನ ಮುಂದಿಟ್ಟು, ‘ಇನ್ನೊಂದು ಲೆಕ್ಕ ಹಾಕಿಕೊಡಿ’ ಎಂದಳು. ಅವಳ ತಮ್ಮನಿಗೆ ಈಗ ಹದಿನಾಲ್ಕು. ಗಡಿ ದಾಟಿ ಬಂದಾಗ ಅವನು ನಾಲ್ಕು ತಿಂಗಳ ಕೂಸು.