ಯಾವ ಬೆಂಗಳೂರು ದಕ್ಷಿಣ?

ಕೇಳುಗರೇ, ನಮಸ್ಕಾರ.

‘ನಮ್ಮದು ಬೆಂಗಳೂರು ದಕ್ಷಿಣ’ ಅಂತ ಯಾರಾದರೂ ಅಂದರೆ, ಯಾವ ದಕ್ಷಿಣ ಸ್ವಾಮಿ ಅಂತ ಕೇಳಲೇಬೇಕು. ಆ ಹೆಸರಿನ ತಾಲ್ಲೂಕು ಇದೆ, ವಿಧಾನಸಭಾ ಕ್ಷೇತ್ರ ಇದೆ, ಜಯನಗರ, ಬಸವನಗುಡಿ ಸೇರಿದ ಲೋಕಸಭಾ ಕ್ಷೇತ್ರವೂ ಇದೆ. 2025ರಲ್ಲಿ ರಾಮನಗರ ಜಿಲ್ಲೆಗೂ ಅದೇ ಹೆಸರು ಬಂತು. ಅದೇ ವರ್ಷ ಹುಟ್ಟಿದ ಐದು ನಗರಪಾಲಿಕೆಗಳಲ್ಲಿ ಒಂದಕ್ಕೂ ಅದೇ ಹೆಸರು! ಇಷ್ಟೆಲ್ಲ ಇದ್ದೂ, ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದ ಮತದಾರರು ಲೋಕಸಭೆಗೆ ಆರಿಸುವುದು ಬೆಂಗಳೂರು ಗ್ರಾಮಾಂತರದ ಸಂಸದರನ್ನು.

ಹಾಗಾದರೆ ಗ್ರಾಮಾಂತರ ಜಿಲ್ಲೆಯವರು? ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಈ ನಾಲ್ಕೂ ಸೇರುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ. ಗ್ರಾಮಾಂತರ ಕ್ಷೇತ್ರದಲ್ಲಿ ಆ ಜಿಲ್ಲೆಯದು ಒಂದೂ ಇಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ಇದೆ. ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣ ಇವೆ. ಊರೊಳಗಿನ ರಾಜರಾಜೇಶ್ವರಿನಗರ, ಪಕ್ಕದ ಆನೇಕಲ್ಲೂ ಇವೆ.

ಇದು ಯಾರದೋ ಕಿತಾಪತಿಯಲ್ಲ, ಲೆಕ್ಕದ ಕೆಲಸ. ಕರ್ನಾಟಕಕ್ಕೆ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಕ್ಷೇತ್ರ. ಎಂಟೆಂಟು ಸೇರಿಸಿ ಒಂದೊಂದು ಕಟ್ಟಬೇಕು, ಜನಸಂಖ್ಯೆಯೂ ಹೆಚ್ಚುಕಡಿಮೆ ಸಮ ಇರಬೇಕು. ಜಿಲ್ಲೆಯ ಗಡಿ ಇದಕ್ಕೆ ಜಗ್ಗುವುದಿಲ್ಲ. ಪಹಣಿ, ನಕ್ಷೆ, ಕಂದಾಯವೆಲ್ಲ ತಾಲ್ಲೂಕು ಕಚೇರಿಗೆ ಕಟ್ಟಿಕೊಂಡಿವೆ. ಜನಗಣತಿ ನೋಡಿ ಕ್ಷೇತ್ರದ ಗೆರೆ ಬದಲಿಸಿದಾಗಲೆಲ್ಲ ಅವನ್ನು ಎತ್ತಿಡಲಾದೀತೇ? ಹಾಗಾಗಿ ಆಡಳಿತಕ್ಕೊಂದು ಗೆರೆ, ಮತಕ್ಕೊಂದು ಗೆರೆ.

ಬ್ರಿಟಿಷರ ಆಳ್ವಿಕೆ ಕಂಡ ಬೇರೆ ನಾಡುಗಳಲ್ಲೂ ಈ ಜಂಜಾಟ ಉಂಟು. ಶ್ರೀಲಂಕಾದಲ್ಲಿ ಆಡಳಿತದ ಜಿಲ್ಲೆಗಳು 25, ಚುನಾವಣಾ ಜಿಲ್ಲೆಗಳು 22. ಕಿಲಿನೊಚ್ಚಿಯವರ ಮತ ಜಾಫ್ನಾದ ಲೆಕ್ಕಕ್ಕೆ. ಮನ್ನಾರ್, ಮುಲ್ಲೈತೀವು, ವವುನಿಯಾ ಮೂರೂ ಸೇರಿ ವನ್ನಿ. ಅಲ್ಲಿ ಒಂದು ಜಾಣತನವಿದೆ: ಮೂರನ್ನು ಸೇರಿಸಿದ ಮೇಲೆ ಮೂರರಲ್ಲಿ ಯಾವುದರ ಹೆಸರನ್ನೂ ಇಡದೆ, ಆ ಸೀಮೆಯ ಹಳೆಯ ಹೆಸರನ್ನೇ ಇಟ್ಟರು.

ನಮ್ಮಲ್ಲಿ ಆದದ್ದು ತದ್ವಿರುದ್ಧ. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾಗಿ ಗ್ರಾಮಾಂತರದಿಂದ ಹೊರಬಿತ್ತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬಿಟ್ಟುಬಂದ ಗ್ರಾಮಾಂತರ ಜಿಲ್ಲೆಯ ಹೆಸರೇ ಆ ಭಾಗದ ಲೋಕಸಭಾ ಕ್ಷೇತ್ರಕ್ಕೆ ಅಂಟಿತು. ಅದಕ್ಕೆ ಮುಂಚೆ ಇದ್ದ ಕ್ಷೇತ್ರದ ಹೆಸರು ಕನಕಪುರ. ನನ್ನ ಕೇಳಿದರೆ, ಅದನ್ನೇ ಉಳಿಸಿಕೊಳ್ಳಬಹುದಿತ್ತು.